ಹಗ್ಗದ ಮೇಲೆ ಎರಡು ಜೊತೆ ಗ್ಲೌಸು

ಆ ವರ್ಷ ಫುಟ್‌ಬಾಲ್ ಕಪ್ ಗೆದ್ದದ್ದು ನನ್ನ ಮೊಮ್ಮಗನ ಶಾಲೆ ಅಲ್ಲ. ಬೇರೆ ಶಾಲೆಗಳಿಂದ ಕರೆದುಕೊಂಡು ಬಂದ ಐದು ಹುಡುಗರು ಗೆದ್ದರು, ಶಾಲೆ ತನ್ನ ಹೆಸರು ಹಾಕಿಕೊಂಡಿತು. ಆ ಐವರಲ್ಲಿ ಒಬ್ಬನನ್ನು ನಮ್ಮ ಮನೆಯಲ್ಲೇ ಇರಿಸಿ, ನನ್ನ ಕೈಯಿಂದಲೇ ಅನ್ನ ಹಾಕಿಸಿ, ನನ್ನ ಮೊಮ್ಮಗನ ಜಾಗದಲ್ಲಿ ನಿಲ್ಲಿಸಿದವರು ಆಟದ ಮಾಸ್ಟ್ರು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಆಮೇಲೆ ಜನ ಸೇರಿಸಿದ ಮಾತು.

ಮಾಸ್ಟ್ರು ಊರಿನಲ್ಲಿ ತೀರಿಕೊಂಡರಂತೆ. ಕೆಳಮಹಡಿಯ ಟ್ಯಾಕ್ಸಿ ಡ್ರೈವರ್ ರಜೆಯಲ್ಲಿ ಊರಿಗೆ ಹೊರಟವನು, ಏನಾದರೂ ಕಳುಹಿಸಲಿಕ್ಕುಂಟಾ ಎಂದು ಕೇಳಲು ಮೊನ್ನೆ ಸಂಜೆ ಬಂದ. ಬಂದವನು ಈ ಸುದ್ದಿಯನ್ನೂ ಹೇಳಿದ. ಅವನು ಬಾಗಿಲಲ್ಲಿ ಇನ್ನೂ ಚಪ್ಪಲಿ ಹಾಕಿಕೊಳ್ಳುತ್ತಿರುವಾಗಲೇ ನಾನು ಸ್ಟೂಲು ಎಳೆದು, ಬಚ್ಚಲಿನ ಮೇಲಿನ ಅಟ್ಟಕ್ಕೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಚೀಲ ಇಳಿಸಿದೆ. ಏಳೆಂಟು ವರ್ಷದಿಂದ ಅಲ್ಲೇ ಬಿದ್ದಿದ್ದ ಚೀಲ. ಗಂಟು ಬಿಚ್ಚಿರಲಿಲ್ಲ, ಬಿಚ್ಚಬೇಕೆಂದು ಅನಿಸಿಯೂ ಇರಲಿಲ್ಲ. ಬಿಚ್ಚಿದಾಗ ಮೊದಲು ರಬ್ಬರಿನ ವಾಸನೆ ಬಂತು, ಬಿಸಿಲಿಗೆ ನಿಲ್ಲಿಸಿದ ಹಳೇ ಕಾರಿನ ಬಾಗಿಲು ತೆಗೆದಾಗ ಬರುವಂಥದ್ದು. ಒಳಗಿದ್ದದ್ದು ಗೋಲ್‌ಕೀಪರ್ ಹಾಕುವ ಗ್ಲೌಸು, ನನ್ನ ಮೊಮ್ಮಗನದ್ದು. ಅದು ಗೊತ್ತಿದ್ದದ್ದೇ. ಆದರೆ ರಬ್ಬರಿನ ಹಿಂದೆಯೇ ಇನ್ನೊಂದು ವಾಸನೆ ಬಂತು, ಹಳಸಿದ ಸಿಹಿಯದು... ಅದು ಗೊತ್ತಿರಲಿಲ್ಲ.

ನಾವಿರುವುದು ಗಲ್ಫಿನಲ್ಲಿ, ಅಬ್ಬಾಸಿಯಾ ಎಂಬಲ್ಲಿ. ಗಂಡ ಶುವೈಖಿನ ಒಂದು ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದರು. ಅವರು ಹೋದ ಮೇಲೆ ಮಗನ ಇಕಾಮಾದ, ಅಂದರೆ ಇಲ್ಲಿರುವ ಪರವಾನಗಿಯ, ಮೇಲೆ ಇಲ್ಲೇ ಉಳಿದೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಮೊಮ್ಮಗನನ್ನು ಸಾಕಿದ್ದು ನಾನು. ಮಾಸ್ಟ್ರು ಬಂದಾಗ ಅವನು ಐದನೇ ಕ್ಲಾಸು. ಅವನ ಶಾಲೆಗೇ ಆಟದ ಮಾಸ್ಟ್ರಾಗಿ ಊರಿನಿಂದ ಬಂದವರು, ನಮ್ಮ ಕಟ್ಟಡದ ಕೆಳಗೆ ಇನ್ನಿಬ್ಬರು ಮಾಸ್ಟ್ರುಗಳ ಜೊತೆ ಒಂದು ರೂಮಿನಲ್ಲಿದ್ದರು. ಮೊದಲ ದಿನ ಬಾಗಿಲು ತಟ್ಟಿದ್ದು ಹುಣಸೆಹುಳಿಗೆ.

"ಅಮ್ಮಾ, ಒಂದು ಚೂರು ಹುಳಿ ಉಂಟಾ?"

ಮಾತು ಕೇಳಿದ ಕೂಡಲೇ ನಮ್ಮ ಕಡೆಯವರೆಂದು ಗೊತ್ತಾಯಿತು. ಕಾರ್ಕಳದ ಹತ್ತಿರದವರಂತೆ. ಹುಳಿ ಕೊಟ್ಟೆ, ಜೊತೆಗೆ ಸ್ವಲ್ಪ ಮೀನು ಸಾರೂ ಕೊಟ್ಟೆ. ಮರುದಿನ ಪಾತ್ರೆ ತೊಳೆದು ಹಿಂದೆ ತಂದರು. ಒಳಗೆ ಏನೂ ಇಲ್ಲ.

"ಎಂತ ಮಾಸ್ಟ್ರೇ, ಪಾತ್ರೆ ಖಾಲಿ ಹಿಂದೆ ಕೊಡ್ಲಿಕ್ಕೆ ನಿಮ್ಮ ಮನೆಯಲ್ಲಿ ಕಲಿಸಿದ್ದಾ?"

ಮುಖ ಸಣ್ಣ ಮಾಡಿಕೊಂಡು ಹೋದರು. ಮುಂದಿನ ಸಲ ಪಾತ್ರೆಯೊಳಗೆ ಹೋಟೆಲಿನಲ್ಲಿ ಚಹಾದ ಜೊತೆ ಕೊಡುವ ಸಕ್ಕರೆ ಪೊಟ್ಟಣ ಎರಡು ಇತ್ತು. "ಇದೂ ಲೆಕ್ಕಕ್ಕೆ ಉಂಟಲ್ಲ ದೊಡ್ಡಮ್ಮ?" ಅಂದರು. ನನಗೆ ನಗು ಬಂತು. ಅಂದಿನಿಂದ ನಾನು ದೊಡ್ಡಮ್ಮ ಆದೆ, ಅವರು ನನ್ನ ಬಾಯಲ್ಲಿ 'ನೀನು' ಆದರು. ಆಮೇಲೆ ಮೂರು ಅಂತಸ್ತಿನ ಒಂದು ಸ್ಟೀಲು ಕ್ಯಾರಿಯರ್ ಕೊಂಡು ತಂದರು. ಶುಕ್ರವಾರ ಮಧ್ಯಾಹ್ನ ನಮ್ಮಲ್ಲಿ ಉಂಡು, ರಾತ್ರಿಯದ್ದನ್ನು ಅದರಲ್ಲಿ ತುಂಬಿಸಿಕೊಂಡು ಹೋಗುವುದು. ಕ್ಯಾರಿಯರ್ ನಮ್ಮ ಮನೆಗೆ ಬರುವಾಗ ಒಂದು ದಿನವೂ ಖಾಲಿ ಬರಲಿಲ್ಲ. ಎರಡು ಈರುಳ್ಳಿ, ಒಂದು ಲಿಂಬೆ, ಒಂದು ಹಿಡಿ ಖರ್ಜೂರ. ಏನೂ ಇಲ್ಲದ ದಿನ ಅದೇ ಸಕ್ಕರೆ ಪೊಟ್ಟಣ.

ಮಾಸ್ಟ್ರು ಕೆಲಸದಲ್ಲಿ ಕಳ್ಳರಾಗಿರಲಿಲ್ಲ. ಅದನ್ನು ಹೇಳಲೇಬೇಕು. ಶಾಲೆಯ ಹಿಂದೆ ಮರಳಿನ ಜಾಗ ಒಂದಿತ್ತು, ಬರೀ ಕಲ್ಲು. ಐದನೇ ಕ್ಲಾಸಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಾವೂ ಬಗ್ಗಿ, ಕಲ್ಲು ಹೆಕ್ಕಿಸಿದರು. ಅದರಲ್ಲೇ ಆಡಿಸಿದರು. ಧೂಳೆದ್ದ ದಿನವೂ ಬಿಡುತ್ತಿರಲಿಲ್ಲ, ಮೂಗಿಗೆ ಕರ್ಚೀಫು ಕಟ್ಟಿಸಿ ಓಡಿಸುತ್ತಿದ್ದರು. ನನ್ನ ಮೊಮ್ಮಗನನ್ನು ಗೋಲಿಗೆ ನಿಲ್ಲಿಸಿದವರೂ ಅವರೇ. ಯಾಕೆ ಇವನನ್ನು ಎಂದು ಕೇಳಿದ್ದಕ್ಕೆ, "ಇವನು ಬಿದ್ದರೆ ಅಳುವುದಿಲ್ಲ, ಎದ್ದು ಯಾರು ನೋಡಿದ್ರು ಅಂತ ಸುತ್ತ ನೋಡುವುದೂ ಇಲ್ಲ" ಅಂದರು. ಆ ಮಾತು ಹುಡುಗನ ಕಿವಿಗೆ ಬಿತ್ತು. ಅಷ್ಟು ಸಾಕಾಯಿತು ಅವನಿಗೆ. ಆಮೇಲೆ ಅವನಿಗೆ ಬೇರೆ ಆಟವೇ ಇರಲಿಲ್ಲ, ಬೇರೆ ದೇವರೂ ಇರಲಿಲ್ಲ.

ಮಕ್ಕಳು ದೊಡ್ಡವರಾದರು, ತಂಡವೂ ಗಟ್ಟಿಯಾಯಿತು. ಇಂಡಿಯನ್ ಶಾಲೆಗಳ ಪಂದ್ಯದಲ್ಲಿ ಕೊನೆಕೊನೆಯವರೆಗೆ ಬಂದು ಸೋಲುತ್ತಿದ್ದರು. ಸೋಲಿಸುವುದು ಪ್ರತಿ ಸಲ ಒಂದೇ ಶಾಲೆ. ಅವರದ್ದು ಹುಲ್ಲಿನ ಮೈದಾನ, ದೊಡ್ಡ ಬಸ್ಸು. ಹನ್ನೊಂದನೇ ಕ್ಲಾಸಿಗೆ ಎಲ್ಲೆಲ್ಲಿಂದಲೋ ಆಡುವ ಹುಡುಗರನ್ನು ತಂದು ಸೇರಿಸಿಕೊಳ್ಳುತ್ತಿದ್ದರು. ಸೋತ ವಾರ ಮಾಸ್ಟ್ರು ನಮ್ಮಲ್ಲಿ ಉಣ್ಣುತ್ತಾ ಅವರನ್ನು ಬೈಯುವುದು ಕೇಳಬೇಕು.

"ಅದು ಟೀಮಲ್ಲ ದೊಡ್ಡಮ್ಮ, ಸೂಪರ್‌ಮಾರ್ಕೆಟಿನ ಟ್ರಾಲಿ. ಕಂಡದ್ದೆಲ್ಲ ಹಾಕ್ಕೊಂಡು ಬರ್ತಾರೆ."

ನನಗೆ ಆಟ ತಿಳಿಯದು. ಆದರೆ ಈ ಸಂಗತಿ ತಿಳಿಯುತ್ತದೆ. ನನ್ನ ಅಪ್ಪನ ಮನೆಯಲ್ಲಿ ಕಂಬಳದ ಕೋಣ ಇತ್ತು. ಬೇರೆ ಮನೆಯ ಕೋಣವನ್ನು ತಂದು ತಮ್ಮದರ ಜೊತೆ ಕಟ್ಟುವುದು, ಬೇರೆ ಊರಿನ ಓಟಗಾರನನ್ನು ಕರೆಸುವುದು, ಎಲ್ಲ ಅಲ್ಲಿಯೂ ಉಂಟು. ಆದರೆ ಕಂಬಳದಲ್ಲಿ ಕೋಣ ಯಾವ ಮನೆಯದ್ದು, ಓಡಿಸುವವನು ಯಾವ ಊರಿನವನು ಎಂದು ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಮುಚ್ಚುಮರೆ ಇಲ್ಲ. ಗೆದ್ದ ಕೋಣ ತನ್ನ ಮನೆಯ ಹೆಸರು ಹೊತ್ತೇ ಗೆಲ್ಲುತ್ತದೆ. ಇದನ್ನು ನಾನು ಹೇಳಿದಾಗ ಮಾಸ್ಟ್ರು ಹೊಟ್ಟೆ ಹಿಡಿದು ನಕ್ಕರು. ಕೋಣಕ್ಕೆ ಹಾಕುವ ಹುರುಳಿಯನ್ನೇ ಹುಡುಗರಿಗೂ ಹಾಕಿ ಅಂದರು. ಅಂದಿನಿಂದ ಪಂದ್ಯದ ದಿನ ಬೆಳಿಗ್ಗೆ ನಮ್ಮಲ್ಲಿ ಹುರುಳಿ ಸಾರು ಆಯಿತು.

ಅವರದ್ದೇ ಒಂದು ಕತೆಯಿತ್ತು. ಊರಿನಲ್ಲಿ ಚೆನ್ನಾಗಿ ಆಡುತ್ತಿದ್ದರಂತೆ. ಮಂಗಳೂರಿನ ಒಂದು ಕಾಲೇಜು ಇವರನ್ನು ಹಳ್ಳಿಯಿಂದ ಎತ್ತಿ ತಂದು ಸೇರಿಸಿಕೊಂಡು, ಒಬ್ಬ ಲೆಕ್ಚರರ ಮನೆಯಲ್ಲಿ ಮಂಚ ಕೊಟ್ಟಿತಂತೆ. ಎರಡನೇ ವರ್ಷ ಮೊಣಕಾಲು ಹೋಯಿತು. ಆಸ್ಪತ್ರೆಯಿಂದ ಬರುವಾಗ ಆ ಮಂಚದಲ್ಲಿ ಕೇರಳದ ಇನ್ನೊಬ್ಬ ಹುಡುಗ ಮಲಗಿದ್ದನಂತೆ. ಮಾಸ್ಟ್ರು ಇದನ್ನು ನಗುನಗುತ್ತಾ ಹೇಳುತ್ತಿದ್ದರು, ಆ ಹುಡುಗ ಇವರ ಹೊದಿಕೆಯನ್ನೇ ಹೊದ್ದಿದ್ದನೆಂದು. ನಾನೂ ನಗುತ್ತಿದ್ದೆ. ಈಗ ಯೋಚಿಸಿದರೆ... ಅದನ್ನು ಹೇಳಿದ ಬಾಯಿ, ಇದನ್ನು ಮಾಡಿದ ಕೈ, ಎರಡೂ ಒಬ್ಬರದ್ದೇ.

ಮೊಮ್ಮಗ ಹನ್ನೆರಡನೇ ಕ್ಲಾಸಿಗೆ ಬಂದ. ಕೊನೆಯ ವರ್ಷ. ಈ ಸಲ ಗೋಲಿನಲ್ಲಿ ನಿಂತು ಕಪ್ ತರಬೇಕು, ಆಮೇಲೆ ಬೂಟು ಕಳಚುವುದು ಎಂದು ಅವನು ಹೇಳಿಕೊಂಡಿದ್ದ. ಆ ಬೇಸಿಗೆ ರಜೆಯಲ್ಲಿ ಶಾಲೆಗೆ ಹೊಸ ಆಡಳಿತ ಬಂದಿತ್ತು. ಸೆಕ್ರೆಟರಿ ಮಾಸ್ಟ್ರನ್ನು ಕರೆದು, ಈ ವರ್ಷ ಕಪ್ ಬಾರದಿದ್ದರೆ ಇಕಾಮಾ ಹೊಸದು ಮಾಡಿಸುವುದಿಲ್ಲ, ಖಲಾಸ್ ಎಂದನಂತೆ. ಇದು ನಮಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಾದದ್ದು ಇಷ್ಟೇ. ಒಂದು ಶುಕ್ರವಾರ ಮಾಸ್ಟ್ರು ಉಂಡ ಮೇಲೂ ಏಳದೆ ಕುಳಿತರು.

"ದೊಡ್ಡಮ್ಮ, ಒಬ್ಬ ಹುಡುಗ ಇದ್ದಾನೆ. ಹೊಸದಾಗಿ ನಮ್ಮ ಶಾಲೆಗೆ ಸೇರಿದ್ದು. ಮನೆ ಅಹ್ಮದಿಯಲ್ಲಿ, ಅಪ್ಪ ಆಯಿಲ್ ಕಂಪೆನಿಯಲ್ಲಿ. ಅಲ್ಲಿಗೆ ನಮ್ಮ ಬಸ್ಸಿಲ್ಲ. ವಾರದ ದಿನ ನಿಮ್ಮಲ್ಲಿ ಇರಲಿಕ್ಕೆ ಆಗ್ತದಾ?"

"ಎಂತ ಆಡ್ತಾನೆ?"

"ಎಲ್ಲಿ ನಿಲ್ಲಿಸಿದರೂ ಆಡ್ತಾನೆ."

ನಾನು ಮತ್ತೆ ಕೇಳಲಿಲ್ಲ. ನಮ್ಮ ಕಡೆ ಓದಲು ಬಂದ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಹೊಸದಲ್ಲ. ನನ್ನ ಅಪ್ಪನ ಮನೆಯಲ್ಲಿ ಯಾವಾಗಲೂ ಇಬ್ಬರು ಮೂವರು ಇರುತ್ತಿದ್ದರು, ಯಾರ ಮಕ್ಕಳೆಂದು ಕೇಳುವ ಕ್ರಮವೇ ಇರಲಿಲ್ಲ. ಹುಡುಗ ಬಂದ. ಮಂಗಳೂರಿನ ಕ್ರಿಶ್ಚಿಯನ್ನರ ಮನೆಯವನು, ಎತ್ತರದ ಆಳು, ಕಾಲು ಮಂಚದಿಂದ ಹೊರಗೆ ಬರುತ್ತಿತ್ತು. ಉಣ್ಣುವ ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದ, ಉಂಡ ಮೇಲೆ ತಟ್ಟೆ ತೊಳೆದಿಡುತ್ತಿದ್ದ. ಇಬ್ಬರು ಹುಡುಗರೂ ಒಂದೇ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಗುಸುಗುಸು ಮಾತಾಡಿ ನಗುತ್ತಿದ್ದರು. ಮನೆ ತುಂಬಿದ ಹಾಗಿತ್ತು ನನಗೆ.

ಸೆಕೆ ಇಳಿದು ಅಭ್ಯಾಸ ಶುರುವಾದ ವಾರ, ಇಬ್ಬರ ಬಟ್ಟೆಯನ್ನೂ ಒಗೆಯಲು ಚೀಲಗಳಿಂದ ಹೊರಗೆ ಸುರಿದೆ. ಮೊಮ್ಮಗನ ಚೀಲದಿಂದ ಗ್ಲೌಸು ಬಿತ್ತು. ಆ ಹುಡುಗನ ಚೀಲದಿಂದಲೂ ಗ್ಲೌಸು ಬಿತ್ತು. ಎರಡನ್ನೂ ಸೋಪಿನ ನೀರಿನಲ್ಲಿ ಹಿಚುಕಿ, ಅಡುಗೆಮನೆಯ ಹಿಂದಿನ ಹಗ್ಗಕ್ಕೆ ಸಾಲಾಗಿ ಹಾಕಿದೆ. ಎರಡು ಜೊತೆ, ನಾಲ್ಕು ಕೈ. ಹಾಕಿ ಹಿಂದೆ ಸರಿದು ನೋಡಿದಾಗಲೇ ತಲೆಗೆ ಹೋದದ್ದು. ಒಂದು ತಂಡಕ್ಕೆ ಗೋಲಿನಲ್ಲಿ ನಿಲ್ಲುವವನು ಒಬ್ಬನೇ. ಅಷ್ಟು ನನಗೂ ಗೊತ್ತು.

ಮೊಮ್ಮಗ ಶಾಲೆಯಿಂದ ಬಂದು ನೀರು ಕುಡಿಯಲು ಅಡುಗೆಮನೆಗೆ ಬಂದ. ನಾನು ಹಗ್ಗದ ಕಡೆ ಕೈ ತೋರಿಸಿದೆ. ಅವನು ನೋಡಿದ.

"ಐ ನೋ, ಅಜ್ಜಿ."

"ಯಾವಾಗಿನಿಂದ?"

"ಫಸ್ಟ್ ಡೇ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

ಅವನು ಲೋಟ ತೊಳೆದು ಕವುಚಿ ಇಟ್ಟ. ಆಮೇಲೆ ಕನ್ನಡದಲ್ಲೇ ಹೇಳಿದ, "ನೀವು ಅವನಿಗೆ ಊಟ ಹಾಕ್ಲಿಕ್ಕಿಲ್ಲ ಅಂತ."

ಆ ದಿನ ರಾತ್ರಿ ಆ ಹುಡುಗನಿಗೆ ಒಂದು ಸೌಟು ಹೆಚ್ಚೇ ಬಡಿಸಿದೆ. ಅವನ ತಪ್ಪು ಏನು? ಅವನನ್ನು ಕರೆದರು, ಬಂದ.

ಶುಕ್ರವಾರ ಮಾಸ್ಟ್ರು ಬಂದರು. ಕೈಯಲ್ಲಿ ಕ್ಯಾರಿಯರ್, ಕ್ಯಾರಿಯರಿನಲ್ಲಿ ಲಿಂಬೆ. ಬಾಗಿಲ ಹತ್ತಿರವೇ ಕ್ಯಾರಿಯರನ್ನು ತೆಗೆದುಕೊಂಡೆ, ಅವರನ್ನು ಒಳಗೆ ಕರೆಯಲಿಲ್ಲ, 'ನೀನು' ಎಂದೂ ಕರೆಯಲಿಲ್ಲ. ಕೇಳಿದೆ. ಅವರು ಸುತ್ತಿಬಳಸಲಿಲ್ಲ. ಅಷ್ಟರಮಟ್ಟಿಗೆ ಗಂಡಸು.

"ನಿಮ್ಮವನು ಒಳ್ಳೆ ಗೋಲ್‌ಕೀಪರ್ ದೊಡ್ಡಮ್ಮ. ಆದರೆ ಇವನಿದ್ದರೆ ಕಪ್ ಬರ್ತದೆ. ಕಪ್ ಬಾರದಿದ್ರೆ ನನ್ನನ್ನು ಕಳಿಸ್ತಾರೆ. ಊರಲ್ಲಿ ಮನೆ ಅರ್ಧ ಕಟ್ಟಿ ನಿಂತಿದೆ, ಹೆಂಡತಿ, ಸಣ್ಣ ಮಗಳು..."

"ಅದನ್ನೇ ಹೇಳಬಹುದಿತ್ತಲ್ಲ ಮಾಸ್ಟ್ರೇ. ಇಕಾಮಾ ಅಂದ್ರೆ ಎಂತದು ಅಂತ ನನಗೆ ಗೊತ್ತಿಲ್ಲವಾ? ನನ್ನ ಗಂಡ ಅದೇ ಹೆದರಿಕೆಯಲ್ಲಿ ಸತ್ತದ್ದು. ಹೇಳದೆ ಯಾಕೆ ನನ್ನ ಮನೆಗೆ ಕಳುಹಿಸಿದಿರಿ?"

"ಹೇಳಿದ್ರೆ ನೀವು ಇಟ್ಟುಕೊಳ್ತಿರಲಿಲ್ಲ."

ಮೊಮ್ಮಗ ಹೇಳಿದ್ದೂ ಅದೇ, ಮಾಸ್ಟ್ರು ಹೇಳಿದ್ದೂ ಅದೇ. ನಾನು ಕೈಯಾರೆ ಉಣ್ಣಿಸಿದ ಇಬ್ಬರಿಗೂ ನನ್ನ ಬಗ್ಗೆ ಇದ್ದ ಅಭಿಪ್ರಾಯ ಒಂದೇ. ಅವರು ಹೇಳಿದ್ದು ನಿಜವಾ, ಸುಳ್ಳಾ? ನನಗೆ ಗೊತ್ತಿಲ್ಲ. ಕೇಳಿದ್ದರೆ ತಾನೇ ಗೊತ್ತಾಗುವುದು. "ಇನ್ನು ಮೇಲೆ ಬರಬೇಡಿ ಮಾಸ್ಟ್ರೇ, ಹುಡುಗನ ಊಟ ನಿಲ್ಲುವುದಿಲ್ಲ" ಎಂದು ಬಾಗಿಲು ಹಾಕಿದೆ. ಹಾಕಿದ ಮೇಲೆ ನೋಡಿದರೆ ಕ್ಯಾರಿಯರ್ ನನ್ನ ಕೈಯಲ್ಲೇ ಉಳಿದಿತ್ತು. ಕಪಾಟಿನ ಮೇಲೆ ಇಟ್ಟೆ. ಕೇಳಲು ಅವರು ಬರಲಿಲ್ಲ.

ಆ ವರ್ಷ ಮೊಮ್ಮಗ ಬೆಂಚಿನಲ್ಲಿ ಕುಳಿತ. ಪ್ರತಿ ಪಂದ್ಯದ ಬೆಳಿಗ್ಗೆ ಹುರುಳಿ ಸಾರು ಮಾಡಿದೆ, ಇಬ್ಬರಿಗೂ ಬಡಿಸಿದೆ. ಐದನೇ ಕ್ಲಾಸಿನಿಂದ ಕಲ್ಲು ಹೆಕ್ಕಿದ ಹುಡುಗರಲ್ಲಿ ಬೆಂಚಿಗೆ ಹೋದವನು ಇವನೊಬ್ಬನೇ ಅಲ್ಲ. ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು. ಇವನು ಮಾತ್ರ ಬಿಡಲಿಲ್ಲ. ಯಾಕೆ ಹೋಗುತ್ತೀಯ ಎಂದು ಮಗ ಬೈದ. "ಇಟ್ಸ್ ಮೈ ಟೀಮ್" ಅಂದ.

ಫೈನಲಿಗೆ ನಾನೂ ಹೋದೆ. ಮೊದಲ ಸಲ, ಕೊನೆಯ ಸಲ. ಫೆಬ್ರವರಿಯ ಚಳಿ, ಶಾಲು ಹೊದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದೆ. ಆಟ ಶುರುವಾಗುವ ಮೊದಲು ಆ ಹುಡುಗನ ಗ್ಲೌಸಿನ ಪಟ್ಟಿ ಕಿತ್ತು ಬಂತು. ಅವನು ಕೈ ಎತ್ತಿ ತೋರಿಸಿದ. ಮಾಸ್ಟ್ರು ಕುಂಟುತ್ತಾ ಬೆಂಚಿನ ಹತ್ತಿರ ಬಂದು ನನ್ನ ಮೊಮ್ಮಗನ ಮುಂದೆ ಕೈ ಚಾಚಿದರು. ಮುಖ ಮೈದಾನದ ಕಡೆಗಿತ್ತು, ಇವನ ಕಡೆಗಲ್ಲ. ಇವನು ಗ್ಲೌಸು ಹಾಕಿಕೊಂಡೇ ಕುಳಿತಿದ್ದ, ಕರೆದರೆ ಓಡಲು ತಯಾರಾಗಿ. ಒಂದು ಕೈ ಕಳಚಿದ. ಇನ್ನೊಂದು ಕೈ ಕಳಚಿದ. ಕೊಟ್ಟ. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ, ಚಳಿಗೋ ಏನೋ...

ಇಬ್ಬರದ್ದೂ ಸಮ ಆಗಿ, ಒಬ್ಬೊಬ್ಬರೇ ಬಂದು ಗೋಲಿಗೆ ಹೊಡೆಯುವುದಾಯಿತು. ಆ ಹುಡುಗ ಹಾರಿ ಕೊನೆಯದನ್ನು ತಡೆದ. ಒಳ್ಳೆಯದಾಗಿಯೇ ತಡೆದ, ಸುಳ್ಳು ಹೇಳುವುದಿಲ್ಲ. ಮೈಕಿನಲ್ಲಿ ಶಾಲೆಯ ಹೆಸರು ಕೂಗಿದರು. ಸೆಕ್ರೆಟರಿಯ ಹೆಸರು ಕೂಗಿದರು. ಯಾವ ಹುಡುಗ ಎಲ್ಲಿಂದ ಬಂದವನು, ಯಾರ ಜಾಗದಲ್ಲಿ ನಿಂತವನು ಎಂದು ಯಾರೂ ಕೂಗಲಿಲ್ಲ. ಎಲ್ಲರೂ ಕುಣಿಯುತ್ತಿರುವಾಗ ನನ್ನ ಮೊಮ್ಮಗ ಬಿದ್ದಿದ್ದ ನೀರಿನ ಬಾಟಲಿಗಳನ್ನು ಹೆಕ್ಕಿ ಪೆಟ್ಟಿಗೆಗೆ ಹಾಕುತ್ತಿದ್ದ. ಫೋಟೋಕ್ಕೆ ಯಾರೋ ಕರೆದರು. ಮೂಲೆಯಲ್ಲಿ ಹೋಗಿ ನಿಂತ.

ಎರಡು ದಿನ ಬಿಟ್ಟು ನಮ್ಮ ಬಾಗಿಲಿನ ಹಿಡಿಕೆಗೆ ಒಂದು ಪ್ಲಾಸ್ಟಿಕ್ ಚೀಲ ತೂಗಿತ್ತು. ಬೆಲ್ ಹೊಡೆದವರಿಲ್ಲ. ಮೇಲಿನಿಂದಲೇ ಮುಟ್ಟಿ ನೋಡಿದೆ, ಗ್ಲೌಸು. ಮೊಮ್ಮಗನಿಗೆ ತೋರಿಸಿದೆ. "ಥ್ರೋ ಇಟ್, ಅಜ್ಜಿ" ಅಂದ. ಬಿಸಾಡಲಿಲ್ಲ, ಅಟ್ಟಕ್ಕೆ ಎಸೆದೆ.

ಆಮೇಲಿನದ್ದು ಹೇಳಲು ಹೆಚ್ಚಿಲ್ಲ. ಪರೀಕ್ಷೆ ಮುಗಿದ ಕೂಡಲೇ ಆ ಐವರೂ ಹೊರಟುಹೋದರು. ಅಹ್ಮದಿಯ ಹುಡುಗ ನನ್ನ ಕಾಲು ಮುಟ್ಟಿ ಹೋದ, ಈಗಲೂ ಕ್ರಿಸ್‌ಮಸ್ಸಿಗೆ ಫೋನು ಮಾಡುತ್ತಾನೆ. ಮುಂದಿನ ವರ್ಷ ಶಾಲೆಗೆ ತಂಡವೇ ಇರಲಿಲ್ಲ. ಕೆಳಗಿನ ಕ್ಲಾಸಿನ ಮಕ್ಕಳು, ನಮಗೆ ಹೇಗೂ ಜಾಗ ಸಿಗುವುದಿಲ್ಲ ಎಂದು ಆಗಲೇ ಕ್ರಿಕೆಟ್ಟಿಗೆ ಹೋಗಿದ್ದರು. ಸಿಕ್ಕಿದವರನ್ನು ಸೇರಿಸಿ ಇಳಿಸಿದರು, ಮೊದಲ ಪಂದ್ಯದಲ್ಲೇ ಸೋತರು. ಸೆಕ್ರೆಟರಿ ಹೊಸ ಮಾಸ್ಟ್ರನ್ನು ತಂದ. ಇವರ ಇಕಾಮಾ ಹೊಸದಾಗಲಿಲ್ಲ. ಕಪ್ ತಂದುಕೊಟ್ಟರೂ ಮಂಚ ಖಾಲಿ ಮಾಡಿಸಿದರು. ಇವರಿಗೆ ಇದು ಎರಡನೇ ಸಲ.

ಅರ್ದಿಯಾದ ಒಂದು ಗೋದಾಮಿನಲ್ಲಿ ಕೆಲಸ ಹಿಡಿದರೆಂದು ಕೇಳಿದೆ. ಒಮ್ಮೆ ಬಸ್ ಸ್ಟಾಪಿನಲ್ಲಿ ಕಂಡರು. ನೀಲಿ ಯೂನಿಫಾರ್ಮು, ಗಡ್ಡ ಬೆಳೆದಿತ್ತು, ಕುಂಟುವುದು ಹೆಚ್ಚಾಗಿತ್ತು. ಅವರು ನೋಡಿದರು. ನಾನೂ ನೋಡಿದೆ. ಬಾಯಿ ತೆರೆದ ಹಾಗೆ ಕಂಡಿತು... ಬಸ್ಸು ಬಂತು, ಹತ್ತಿದೆ. ಆಮೇಲೆ ಊರಿಗೆ ಹೋದರಂತೆ. ಈಗ ಇಲ್ಲ. ನನಗಿಂತ ಎಷ್ಟೋ ಚಿಕ್ಕವರು.

ಮೊನ್ನೆ ಸಂಜೆ ಚೀಲದ ಗಂಟು ಬಿಚ್ಚಿ, ಗ್ಲೌಸನ್ನು ಹೊರಗೆಳೆದಾಗ ಬೆರಳಿನ ಜಾಗದಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ತಲೆಕೆಳಗೆ ಮಾಡಿ ಕೊಡವಿದೆ. ಖರ್ಜೂರ. ಎರಡು ಗ್ಲೌಸಿನೊಳಗೂ ಒಂದೊಂದು ಹಿಡಿ ಖರ್ಜೂರ ತುಂಬಿಸಿದ್ದರು. ಕಲ್ಲಿನ ಹಾಗೆ ಆಗಿತ್ತು, ಸಕ್ಕರೆ ಬಿಳಿಯಾಗಿ ಮೇಲೆ ಬಂದಿತ್ತು. ಖಾಲಿ ಹಿಂದೆ ಕೊಡಬಾರದೆಂದು ನಾನೇ ಕಲಿಸಿದ್ದು. ಆ ದಿನವೂ ಮರೆತಿರಲಿಲ್ಲ.

ಅದನ್ನು ನೋಡಿ ನನ್ನ ಸಿಟ್ಟು ಇಳಿಯಿತೆಂದು ಯಾರೂ ತಿಳಿಯಬೇಡಿ. ಬೆಲ್ ಹೊಡೆಯಬಹುದಿತ್ತು. ಮೊಮ್ಮಗನ ಕೈಗೆ ಕೊಡಬಹುದಿತ್ತು, ಮುಖ ನೋಡಿ ಒಂದು ಮಾತು ಆಡಬಹುದಿತ್ತು. ಅವನು ಈಗ ಶುವೈಖಿನಲ್ಲಿ ಗಾಡಿಯ ಬಿಡಿಭಾಗಗಳ ಅಂಗಡಿಯಲ್ಲಿ ನಿಲ್ಲುತ್ತಾನೆ. ರಾತ್ರಿ ಬಂದವನಿಗೆ ಸುದ್ದಿ ಹೇಳಿದೆ, ಗ್ಲೌಸೂ ಖರ್ಜೂರವೂ ಮೇಜಿನ ಮೇಲಿತ್ತು. ಅವನು ಒಂದು ಖರ್ಜೂರ ಎತ್ತಿ, ತಿರುಗಿಸಿ ನೋಡಿ, ಅಲ್ಲೇ ಇಟ್ಟ. "ಸರ್ ಟಾಟ್ ಮಿ ಹೌ ಟು ಫಾಲ್, ಅಜ್ಜಿ" ಅಂದ. ಬೀಳಲು ಕಲಿಸಿದವರು ಅವರೇ ಎಂದು. ಹೌದು, ಚೆನ್ನಾಗಿಯೇ ಕಲಿಸಿದರು ಅಂದೆ. ಅವನು ಊಟ ಮಾಡದೆ ಮಲಗಿದ.

ಮರುದಿನ ಬೆಳಿಗ್ಗೆ ಆ ಖರ್ಜೂರವನ್ನೂ ಗ್ಲೌಸನ್ನೂ ಬೀದಿಯ ಕಸದ ಡಬ್ಬಕ್ಕೆ ಹಾಕಿದೆ. ಅಲ್ಲಿಂದಲೇ ಬಕಾಲಕ್ಕೆ ಹೋಗಿ, ಅಂಗಡಿಯವನು ಬಾಗಿಲು ತೆಗೆಯುವವರೆಗೆ ನಿಂತು, ಹೊಸ ಖರ್ಜೂರ ತಂದೆ. ಕಪಾಟಿನ ಮೇಲಿನ ಸ್ಟೀಲು ಕ್ಯಾರಿಯರ್ ಇಳಿಸಿ, ಹುಳಿ ಹಾಕಿ ತಿಕ್ಕಿ, ಒರೆಸಿ, ಮೂರೂ ಅಂತಸ್ತಿಗೆ ಒತ್ತಿ ತುಂಬಿಸಿದೆ. ಮಾಸ್ಟ್ರಿಗಲ್ಲ. ಅವರ ಹೆಂಡತಿಯ ತಪ್ಪೇನು, ಮಗಳ ತಪ್ಪೇನು. ಕೆಳಗೆ ಹೋಗಿ ಊರಿಗೆ ಹೊರಟ ಡ್ರೈವರನ ಕೈಯಲ್ಲಿ ಕೊಟ್ಟೆ.

"ಇದು ಯಾರು ಕೊಟ್ಟದ್ದು ಅಂತ ಹೇಳ್ಬೇಕು ಅಜ್ಜಿ? ಎಂತ ಹೇಳ್ಬೇಕು?"

"ಎಂತದೂ ಬೇಡ. ಅವರ ಪಾತ್ರೆ ಹಿಂದೆ ಬಂತು ಅಂತ ಹೇಳು, ಸಾಕು."